ಲಾಜಿಕ್ ಕೇಳ್ಬೇಡಿ ಅನ್ನೋರು ರಕ್ತಬೀಜಾಸುರನ ಕಥೆ ಮರೆತಿದ್ದಾರೆ

"ಮಾಸ್ ಸಿನಿಮಾ ಗುರು, ಲಾಜಿಕ್ ಎಲ್ಲಾ ಕೇಳ್ಬಾರ್ದು" ಅನ್ನೋರ ಮೇಲೆ ನನಗೆ ಬಹಳ ದಿನದಿಂದ ಒಂದು ಸಣ್ಣ ಸಿಟ್ಟಿದೆ. ಹೊರಗೆ ಜಡಿಮಳೆ, ಕರೆಂಟ್ ಇಲ್ಲ, ತೋಟಕ್ಕೆ ಇಳಿಯುವ ಹಾಗೂ ಇಲ್ಲ. ಫೋನಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಬರೆದುಬಿಡುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಪುರುಸೊತ್ತಿದ್ದವರು ಓದಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಡೆದಾಟದ ಸಿನಿಮಾದ ವಿರೋಧಿ ಅಲ್ಲವೇ ಅಲ್ಲ. ರಾಕ್ಷಸ, ಮಾಯೆ, ಮಂತ್ರದ ಕತ್ತಿ, ಬೆಟ್ಟದಿಂದ ಬೆಟ್ಟಕ್ಕೆ ಹಾರುವುದು, ಎಲ್ಲಾ ಬೇಕು ನನಗೆ. ಹೀರೋ ಒಬ್ಬನೇ ಇಡೀ ಊರನ್ನು ಹೊಡೆದು ಹಾಕಿದರೂ ಬೇಜಾರಿಲ್ಲ. ನನ್ನ ತಕರಾರು ಒಂದೇ. ಸುಳ್ಳು ಎಷ್ಟು ದೊಡ್ಡದಾದರೂ ಇರಲಿ, ಅದಕ್ಕೊಂದು ಕಟ್ಟುಪಾಡು ಬೇಕು. ಕಟ್ಟುಪಾಡು ಹಾಕಿದವರೇ ಇಂಟರ್ವಲ್ ಆದ ಮೇಲೆ ಅದನ್ನು ಮುರಿಯಬಾರದು.

ಇದು ಹಾಲಿವುಡ್ ನೋಡಿ ಕಲಿತ ಮಾತಲ್ಲ. ನಮ್ಮ ಪುರಾಣದ ರಾಕ್ಷಸರನ್ನೇ ನೋಡಿ. ಹಿರಣ್ಯಕಶಿಪು ವರ ಕೇಳುವಾಗ ಒಂದು ಸಂದೂ ಬಿಡಲಿಲ್ಲ. ಮನುಷ್ಯನಿಂದ ಸಾಯಬಾರದು, ಪ್ರಾಣಿಯಿಂದ ಸಾಯಬಾರದು, ಹಗಲೂ ಬೇಡ ರಾತ್ರಿಯೂ ಬೇಡ, ಒಳಗೂ ಬೇಡ ಹೊರಗೂ ಬೇಡ, ನೆಲವೂ ಬೇಡ ಆಕಾಶವೂ ಬೇಡ, ಆಯುಧವಂತೂ ಬೇಡವೇ ಬೇಡ. ಕೊಲ್ಲಲು ಬಂದವನು ಸಾಕ್ಷಾತ್ ದೇವರು. ಮನಸ್ಸು ಮಾಡಿದ್ದರೆ "ವರ ಕ್ಯಾನ್ಸಲ್" ಅಂತ ಹೇಳಿ ಮುಗಿಸಬಹುದಿತ್ತು ಅಲ್ವಾ? ಮುಗಿಸಲಿಲ್ಲ. ಮುಸ್ಸಂಜೆ ತನಕ ಕಾದ, ಹೊಸ್ತಿಲ ಮೇಲೆ ಕೂತ, ತೊಡೆಯ ಮೇಲೆ ಹಾಕಿಕೊಂಡ, ಉಗುರಿನಿಂದ ಬಗೆದ. ವರದ ಒಂದು ಮಾತೂ ಸುಳ್ಳಾಗಲಿಲ್ಲ. ರಕ್ತಬೀಜಾಸುರನದು ಇನ್ನೂ ಚಂದ. ಅವನ ರಕ್ತದ ಒಂದು ಹನಿ ನೆಲಕ್ಕೆ ಬಿದ್ದರೆ ಅಲ್ಲೊಬ್ಬ ರಕ್ತಬೀಜ ಎದ್ದು ನಿಲ್ಲುತ್ತಾನೆ. ಅಂದರೆ ಹೊಡೆದಷ್ಟೂ ಕಷ್ಟ ಜಾಸ್ತಿ. ಇನ್ನೂ ಜೋರಾಗಿ ಹೊಡೆಯುವುದು ಇಲ್ಲಿ ಉತ್ತರವೇ ಅಲ್ಲ. ಕಾಳಿ ಬಂದು ರಕ್ತ ನೆಲಕ್ಕೆ ಬೀಳುವ ಮೊದಲೇ ಕುಡಿಯುತ್ತಾಳೆ. ಇದಕ್ಕಿಂತ ಒಳ್ಳೆಯ ಕ್ಲೈಮ್ಯಾಕ್ಸ್ ಫೈಟ್ ಯಾರಾದರೂ ಬರೆದಿದ್ದರೆ ತೋರಿಸಿ. ಇಂಥ ಕಥೆ ಕೇಳಿ ಬೆಳೆದ ಜನಕ್ಕೆ ಲಾಜಿಕ್ ಬೇಡ ಅಂತ ಯಾರು ಹೇಳಿದ್ದು?

ಮಡಿಕೇರಿ ದಸರಾ ನೋಡಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪಗಳು ಟ್ರ್ಯಾಕ್ಟರ್ ಮೇಲೆ ಮೆರವಣಿಗೆ ಹೊರಡುತ್ತವೆ. ಒಂದೊಂದು ಮಂಟಪದಲ್ಲೂ ಒಂದೊಂದು ಕಥೆ, ಹೆಚ್ಚಿನದು ಅಸುರ ಸಂಹಾರವೇ. ಆಳೆತ್ತರ ಮೀರಿದ ಬೊಂಬೆಗಳು ಕೈ ಎತ್ತುತ್ತವೆ, ತಲೆ ತಿರುಗಿಸುತ್ತವೆ, ಬಾಯಿ ತೆರೆಯುತ್ತವೆ. ಹೊಗೆ, ಬೆಂಕಿ, ಲೈಟು, ಹಿಂದೆ ಜನರೇಟರಿನ ಗುಡುಗುಡು. ಹಗಲು ಗ್ಯಾರೇಜಿನಲ್ಲೋ ಅಂಗಡಿಯಲ್ಲೋ ಕೆಲಸ ಮಾಡುವ ಹುಡುಗರು ವಾರಗಟ್ಟಲೆ ನಿದ್ದೆಗೆಟ್ಟು ವೆಲ್ಡಿಂಗ್ ಮಾಡಿ, ಕಬ್ಬಿಣದ ಕೀಲು ಕೂರಿಸಿ ಇದನ್ನು ನಿಲ್ಲಿಸಿರುತ್ತಾರೆ. ಬಹುಮಾನದ ಪೈಪೋಟಿ ಬೇರೆ ಇದೆ.

ನಾನು ಹೇಳಲು ಹೊರಟಿದ್ದು ಅಲ್ಲಿ ನಿಂತ ಜನರ ವಿಷಯ. ಅವರಿಗೆ ಪೈಪು ಕಾಣುತ್ತದೆ. ದೇವಿಯ ಚಕ್ರ ಯಾವ ತಂತಿಯ ಮೇಲೆ ಬರುತ್ತಿದೆ ಅಂತಲೂ ಕಾಣುತ್ತದೆ. "ಆ ಕೈ ಸ್ವಲ್ಪ ಸಿಕ್ಕಿಹಾಕಿಕೊಳ್ತಿದೆ ನೋಡಿ" ಅಂತ ಪಕ್ಕದಲ್ಲಿ ಕಂಬಳಿ ಹೊದ್ದು ನಿಂತ ಅಜ್ಜ ಹೇಳುತ್ತಾರೆ. ಆದರೂ ರಾಕ್ಷಸ ನಿಧಾನಕ್ಕೆ, ಒಂದೊಂದೇ ಇಂಚು, ಇಡೀ ಟ್ರೇಲರ್ ಸ್ವಲ್ಪ ವಾಲುವ ಹಾಗೆ ಮೇಲೇಳುವಾಗ ಜನ ಉಸಿರು ಹಿಡಿಯುತ್ತಾರೆ. ಯಾಕೆಂದರೆ ಅದಕ್ಕೆ ಭಾರ ಇದೆ. ಅಷ್ಟು ದೊಡ್ಡದು ಏಳಬೇಕಾದರೆ ಅಷ್ಟು ಹೊತ್ತು ಬೇಕು ಅಂತ ನೋಡುವವರಿಗೂ ಗೊತ್ತು, ಮಾಡಿದವರಿಗೂ ಗೊತ್ತು. ಕೋಟಿಗಟ್ಟಲೆ ಸುರಿದ ಎಷ್ಟೋ ಸಿನಿಮಾದಲ್ಲಿ ರಾಕ್ಷಸ ಎದ್ದು ಬರುವಾಗ ನನ್ನ ಕೈ ಪಾಪ್‌ಕಾರ್ನ್ ಪೊಟ್ಟಣದ ಒಳಗೇ ಇರುತ್ತದೆ. ಅವನಿಗೆ ಭಾರ ಇಲ್ಲ. ಬಣ್ಣ ಇದೆ, ಅಷ್ಟೇ.

ಭಾರ ಅಂದಾಗ ಆನೆ. ಸಿನಿಮಾದವರಿಗೆ ಆನೆ ಅಂದರೆ ಧಡ್ ಧಡ್ ಅಂತ ಸದ್ದು, ನೀರಿನ ಲೋಟ ಅಲ್ಲಾಡುವುದು. ನಮ್ಮ ಮನೆ ಇರುವುದು ಕೊಡಗಿನ ಸುಂಟಿಕೊಪ್ಪದ ಕಡೆ, ತೋಟಕ್ಕೆ ಆನೆ ಬರುವುದು ಹೊಸ ಸುದ್ದಿಯೇ ಅಲ್ಲ. ರಾತ್ರಿ ಬಂದು ಹಲಸಿನ ಹಣ್ಣು ತಿಂದು, ಬೇಲಿ ತುಳಿದು, ನಾಲ್ಕು ಕಾಫಿ ಗಿಡ ಮುರಿದು ಹೋಗಿರುತ್ತದೆ, ಮಲಗಿದವರಿಗೆ ಗೊತ್ತೇ ಆಗಿರುವುದಿಲ್ಲ. ಅದರ ಅಂಗಾಲಿನಲ್ಲಿ ದಪ್ಪ ಮೆತ್ತನೆ ಕೊಬ್ಬಿನ ಪದರ ಇರುವುದರಿಂದ ಅಷ್ಟು ದೊಡ್ಡ ಪ್ರಾಣಿ ಸದ್ದಿಲ್ಲದೆ ನಡೆಯುತ್ತದೆ. ತೋಟದಲ್ಲಿ ಎಷ್ಟೋ ಸಲ ಮೊದಲು ಗೊತ್ತಾಗುವುದು ವಾಸನೆ, ಇಲ್ಲದಿದ್ದರೆ ಕೊಂಬೆ ಮುರಿದ ಒಂದು ಸದ್ದು. ಆಮೇಲೆ ಕಿವಿ. ಕಿವಿ ಬೀಸುತ್ತಾ ಇದ್ದರೆ ಅದರ ಪಾಡಿಗೆ ಅದು ಇದೆ ಅಂತ ಅರ್ಥ. ಬೀಸುವುದನ್ನು ನಿಲ್ಲಿಸಿ ಸುಮ್ನೆ ನಿಂತಿತು ಅಂದರೆ ತಿರುಗಿ ನೋಡದೆ ಜಾಗ ಖಾಲಿ ಮಾಡಬೇಕು. ಆ ಎರಡು ಸೆಕೆಂಡಿನ ಸ್ತಬ್ಧತೆಯನ್ನು ಯಾವ ಡೈರೆಕ್ಟರ್ ತೋರಿಸಿದರೂ ನಾನು ಬ್ಲ್ಯಾಕ್‌ನಲ್ಲಿ ಟಿಕೆಟ್ ತಗೊಂಡು ಹೋಗುತ್ತೇನೆ. ತೋರಿಸುವುದಿಲ್ಲ. ಆನೆ ಓಡಿ ಬರುತ್ತದೆ, ಹೀರೋ ಕೈ ಅಡ್ಡ ಹಿಡಿಯುತ್ತಾನೆ, ಸ್ಲೋ ಮೋಷನ್.

'ಬಾಹುಬಲಿ'ಯನ್ನು ಬೈಯುತ್ತಿದ್ದಾನೆ ಅಂದುಕೊಳ್ಳಬೇಡಿ. ನನಗೆ ಅದರಲ್ಲಿ ತುಂಬಾ ಇಷ್ಟವಾದ ದೃಶ್ಯವೂ ಭಾರದ್ದೇ. 2015ರ ಮೊದಲ ಭಾಗದಲ್ಲಿ ಭಲ್ಲಾಳದೇವನ ಆ ದೈತ್ಯ ಪ್ರತಿಮೆಯನ್ನು ಹಗ್ಗ ಕಟ್ಟಿ ಎತ್ತುತ್ತಾರಲ್ಲ, ಅದು. ನೂರಾರು ಜನ ಎಳೆಯುತ್ತಾರೆ, ಪ್ರತಿಮೆ ವಾಲುತ್ತದೆ, ಹಗ್ಗ ಬಿಗಿಯುತ್ತದೆ, ಆಗ ಹೀರೋ ಬಂದು ಹಗ್ಗ ಹಿಡಿಯುತ್ತಾನೆ. ಅವನೆಷ್ಟು ಬಲಶಾಲಿ ಅಂತ ಯಾರೂ ಡೈಲಾಗ್ ಹೊಡೆಯಬೇಕಾಗಿಲ್ಲ, ಹಗ್ಗವೇ ಹೇಳುತ್ತದೆ. ಅದೇ ರಾಜಮೌಳಿ 2017ರ ಎರಡನೇ ಭಾಗದ ಕೊನೆಯಲ್ಲಿ ತಾಳೆ ಜಾತಿಯ ಮರ ಬಗ್ಗಿಸಿ, ಗುರಾಣಿ ಹಿಡಿದ ಸೈನಿಕರನ್ನು ಉಂಡೆ ಮಾಡಿ ಕೋಟೆಯೊಳಗೆ ಎಸೆದರು. ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ನಾನು ಶಿಳ್ಳೆ ಹೊಡೆಯಲಿಲ್ಲ. ಅಡಿಕೆ ಮರ ಆಗಿದ್ದರೆ ಅರ್ಧ ಒಪ್ಪುತ್ತಿದ್ದೆನೋ ಏನೋ. ಕೊನೆ ಕೊಯ್ಯುವವರು ಒಂದು ಮರವನ್ನು ಬಗ್ಗಿಸಿ ಪಕ್ಕದ ಮರಕ್ಕೆ ದಾಟುವುದನ್ನು ಕಣ್ಣಾರೆ ನೋಡಿದ್ದೇವಲ್ಲ.

ಇನ್ನು ಕೋವಿ. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರುವ ಜಿಲ್ಲೆ ನಮ್ಮದು. ಕೈಲ್ ಮುಹೂರ್ತ ಅನ್ನುವ ನಮ್ಮ ಆಯುಧದ ಹಬ್ಬದ ದಿನ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಇಂಥ ಕಡೆ ಸಿನಿಮಾ ಹಾಕಿ, ಜೋಡಿನಳಿಗೆ ಕೋವಿಯಲ್ಲಿ ಹೀರೋ ಮೂರನೇ ಗುಂಡು ಹೊಡೆದರೆ ಏನಾಗುತ್ತದೆ ಹೇಳಿ. ಹಿಂದಿನ ಸಾಲಿನಲ್ಲಿ ಯಾರಾದರೊಬ್ಬರು ನಗುತ್ತಾರೆ, ಅಲ್ಲಿಗೆ ಇಡೀ ಸೀನ್ ಹೋಯಿತು. ಆ ಲೆಕ್ಕದಲ್ಲಿ 'ಕೆಜಿಎಫ್ ಚಾಪ್ಟರ್ 2' (2022) ಜಾಣ ಸಿನಿಮಾ. ಅದರಲ್ಲಿ ಇರುವುದೆಲ್ಲ ಅತಿಯೇ. ಆದರೆ ಅಷ್ಟು ದೊಡ್ಡ ಮೆಷಿನ್ ಗನ್ನಿನಿಂದ ಹೊಡೆದು ಮುಗಿಸಿದ ಮೇಲೆ ರಾಕಿ ಕೆಂಪಗೆ ಕಾದ ನಳಿಗೆಗೇ ಸಿಗರೇಟ್ ಹಚ್ಚಿಕೊಳ್ಳುತ್ತಾನೆ. ನಳಿಗೆ ಕಾಯುತ್ತದೆ ಅನ್ನುವ ಒಂದು ನಿಜವನ್ನು ಹಿಡಿದುಕೊಂಡು ಅಷ್ಟು ದೊಡ್ಡ ಬುರುಡೆಯನ್ನು ಗೆಲ್ಲಿಸಿದರು. ಸ್ಟೈಲ್ ಅಂದರೆ ನನಗೆ ಅದು.

ನನಗೆ ನಿಜವಾಗಲೂ ತಲೆ ಕೆಡುವುದು ಯಾರು ಎಲ್ಲಿದ್ದಾರೆ ಅಂತ ಗೊತ್ತಾಗದ ಫೈಟುಗಳಿಂದ. ಒಂದು ಮುಷ್ಟಿ, ಒಂದು ಮುಖ, ಒಂದು ಕಾರಿನ ಚಕ್ರ, ಗಾಜು ಒಡೆಯಿತು, ಮತ್ತೆ ಮುಷ್ಟಿ. ಯಾರದ್ದು ಸ್ವಾಮಿ ಆ ಮುಷ್ಟಿ? 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಒಂದು ಸಲವಾದರೂ ಬಂದು ಗ್ಯಾಲರಿಯಲ್ಲಿ ಕೂತಿದ್ದರೆ ಈ ಎಡಿಟರುಗಳಿಗೆ ಅರ್ಥವಾಗುತ್ತಿತ್ತು. ಚೆಂಡು ಅಷ್ಟು ಚಿಕ್ಕದು, ಓಟ ಅಷ್ಟು ಜೋರು, ಆದರೂ ಗೋಲು ಎಲ್ಲಿದೆ, ಚೆಂಡು ಯಾರ ಹತ್ತಿರ ಇದೆ, ತಡೆಯಲು ನಿಂತ ಬ್ಯಾಕ್ ಆಟಗಾರ ಎಷ್ಟು ದೂರ ಅಂತ ನಮಗೆ ಗೊತ್ತಿರುತ್ತದೆ. ಗೊತ್ತಿರುವುದಕ್ಕೇ ಎದ್ದು ನಿಲ್ಲುತ್ತೇವೆ. ಹೊಡೆದಾಟವೂ ಹಾಗೇ ಕಾಣಬೇಕು.

ಇದನ್ನು ನನ್ನ ಮಟ್ಟಿಗೆ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಜಾರ್ಜ್ ಮಿಲ್ಲರ್ ಅವರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' (2015). ಇಡೀ ಸಿನಿಮಾ ಒಂದು ಓಟ. ಮರಳುಗಾಡಿನಲ್ಲಿ ಲಾರಿ ಹೋಗುತ್ತದೆ, ವಾಪಸ್ ಬರುತ್ತದೆ. ಕಥೆ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಕಟ್‌ಗಳಂತೂ ಸಾವಿರಗಟ್ಟಲೆ. ಆದರೆ ಕಣ್ಣು ಎಲ್ಲೂ ತಪ್ಪುವುದಿಲ್ಲ. ಕಾರಣ ಸರಳ, ನಾವು ನೋಡಬೇಕಾದ್ದನ್ನು ಆದಷ್ಟೂ ಪರದೆಯ ನಡುವೆಯೇ ಇಟ್ಟಿದ್ದಾರೆ. ಒಂದು ಶಾಟ್ ಹೋಗಿ ಇನ್ನೊಂದು ಬಂದರೂ ಕಣ್ಣು ಹುಡುಕಾಡಬೇಕಾಗಿಲ್ಲ. ಅದನ್ನು ಎಡಿಟ್ ಮಾಡಿದ ಮಾರ್ಗರೆಟ್ ಸಿಕ್ಸೆಲ್ ಅದಕ್ಕೆ ಮೊದಲು ಆ್ಯಕ್ಷನ್ ಸಿನಿಮಾ ಎಡಿಟ್ ಮಾಡಿದವರೇ ಅಲ್ಲ. ಮಿಲ್ಲರ್ ಅವರ ಹೆಂಡತಿ. ಆಸ್ಕರ್ ಬಂತು. ಹಳೆಯ ಫೈಟುಗಳನ್ನು ನೋಡಿ ನೋಡಿ ಕಣ್ಣು ಕೆಟ್ಟಿರಲಿಲ್ಲ, ಅದಕ್ಕೇ ಅಷ್ಟು ಚೆನ್ನಾಗಿ ಬಂತು ಅಂತ ನನ್ನ ಅನುಮಾನ.

ಹಳೆಯದರಲ್ಲಿ ಎಲ್ಲಾ ಚೆನ್ನಾಗಿತ್ತು ಅಂತ ಹೇಳುವ ಜಾತಿಯವನಲ್ಲ ನಾನು, ಆದರೂ ಎರಡು ಹೇಳದೆ ಇರಲಾರೆ. ಒಂದು, 1957ರ 'ಮಾಯಾಬಜಾರ್'. ಎಸ್.ವಿ. ರಂಗರಾವ್ ಅವರ ಘಟೋತ್ಕಚ ಮದುವೆ ಊಟಕ್ಕೆ ಕೂತಾಗ ಲಾಡುಗಳು ತಾವಾಗಿ ಹಾರಿ ಬಾಯಿಗೆ ಬೀಳುತ್ತವೆ. ಕಂಪ್ಯೂಟರ್ ಇಲ್ಲದ ಕಾಲ. ಇವತ್ತಿಗೂ ಮಕ್ಕಳು ನಗುತ್ತಾರೆ. ಇನ್ನೊಂದು 1963ರ ಇಂಗ್ಲಿಷ್ ಸಿನಿಮಾ 'ಜೇಸನ್ ಅಂಡ್ ದ ಆರ್ಗೊನಾಟ್ಸ್'. ಏಳು ಅಸ್ಥಿಪಂಜರಗಳು ಕತ್ತಿ ಹಿಡಿದು ಮನುಷ್ಯರ ಮೇಲೆ ಬೀಳುತ್ತವೆ. ರೇ ಹ್ಯಾರಿಹೌಸೆನ್ ಅನ್ನುವ ಒಬ್ಬರೇ ಮನುಷ್ಯ ಪುಟ್ಟ ಬೊಂಬೆಗಳನ್ನು ಒಂದೊಂದು ಫ್ರೇಮಿಗೂ ಕೈಯಲ್ಲಿ ಕದಲಿಸಿ ತೆಗೆದರು. ಕೆಲವೇ ನಿಮಿಷದ ದೃಶ್ಯಕ್ಕೆ ನಾಲ್ಕು ತಿಂಗಳಿಗೂ ಜಾಸ್ತಿ ಹಿಡಿಯಿತು. ಯೂಟ್ಯೂಬಿನಲ್ಲಿ ನೋಡಿ, ಆ ಅಸ್ಥಿಪಂಜರಗಳಿಗೆ ಸಿಟ್ಟು ಬರುತ್ತದೆ! ಮಡಿಕೇರಿಯ ವೆಲ್ಡಿಂಗ್ ಹುಡುಗರಿಗೆ ತೋರಿಸಿದ್ದೆ, ಅವರು ಅದನ್ನು ಹಿಂದೆ ಮುಂದೆ ಓಡಿಸಿ ಮೊಣಕಾಲಿನ ಕೀಲು ನೋಡುತ್ತಾ ಕೂತರು.

'ಕಾಂತಾರ'ದ ಬಗ್ಗೆ ಕೇಳಬೇಡಿ ಅಂದರೂ ಕೇಳುತ್ತೀರಿ. 2022ರ ಆ ಸಿನಿಮಾವನ್ನು ಹೊರಗಿನವರು ಫ್ಯಾಂಟಸಿ ಅಂತ ಕರೆದಾಗ ನನಗೆ ಸರಿ ಕಾಣಲಿಲ್ಲ. ವೇಷ ಕಟ್ಟಿದವರ ಮೈಮೇಲೆ ದೈವ ಬರುವ ಆಚರಣೆಗೆ ನಮ್ಮಲ್ಲಿ ತೆರೆ ಅನ್ನುತ್ತಾರೆ, ಕರಾವಳಿಯಲ್ಲಿ ಕೋಲ. ತೆರೆ ಎದುರು ಕೈಮುಗಿದು ನಿಂತು ಕಷ್ಟ ಹೇಳಿಕೊಳ್ಳುವವರಿಗೆ ಅದು ಕಲ್ಪನೆ ಅಲ್ಲ. ಸಿನಿಮಾದ ಕೊನೆಯ ಹೊತ್ತು ಗೆದ್ದಿದ್ದೂ ಅಲ್ಲೇ. ಅಲ್ಲಿಯವರೆಗೆ ಮಾಮೂಲಿ ಹೊಡೆದಾಟ, ಆಮೇಲೆ ಹೊಡೆಯುವವನೇ ಬೇರೆ. ಮೊದಲ ಸೀನಿನಿಂದ ಹಾಕಿದ ಕಟ್ಟುಪಾಡಿಗೆ ಅಲ್ಲಿ ಬೆಲೆ ಬಂತು. ಇದಕ್ಕಿಂತ ಜಾಸ್ತಿ ಹೇಳಿದರೆ ಜಗಳ ಆಗುತ್ತದೆ, ಬಿಡಿ.

ನಮ್ಮ ಭಾವನ ವಾದವೇ ಬೇರೆ. "ಬೆಳಗ್ಗಿಂದ ಕಾಫಿ ಕೊಯ್ಲು, ಆಳು ಸಿಗಲ್ಲ, ಕಣದಲ್ಲಿ ಹರವಿದ ಕೂಡಲೇ ಮೋಡ ಬರುತ್ತೆ, ಟಾರ್ಪಲ್ ಎಳೆಯೋಕೆ ಓಡ್ಬೇಕು. ಕಟ್ಟುಪಾಡು ಎಲ್ಲಾ ಹಗಲೇ ಸಾಕಾಗಿರುತ್ತೆ ಮಾರಾಯಾ. ರಾತ್ರಿ ಎರಡು ಗಂಟೆ ಯಾವನೋ ಒಬ್ಬ ಯಾರಿಗೂ ಹೆದರದೆ ಹೊಡೀಲಿ ಬಿಡು, ನಿಂಗೇನು ಕಷ್ಟ?" ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ದುಡಿದು ಬಂದವರ ಖುಷಿಗೆ ಕಲ್ಲು ಹಾಕುವ ಆಸೆಯೂ ಇಲ್ಲ. ಆದರೆ ಭಾವ, ನೀವು ಅಂಥ ಸಿನಿಮಾಕ್ಕೆ ನಮ್ಮನ್ನೆಲ್ಲ ಮೈಸೂರಿನವರೆಗೆ ಕರೆದುಕೊಂಡು ಹೋಗಿ, ಸೆಕೆಂಡ್ ಹಾಫಿನಲ್ಲಿ ಗೊರಕೆ ಹೊಡೆದಿದ್ದನ್ನು ನಾನು ನೋಡಿದ್ದೇನೆ. ಹೀರೋ ಸೋಲುವುದೇ ಇಲ್ಲ ಅಂತ ಗೊತ್ತಾದ ಮೇಲೆ ಎಚ್ಚರ ಇರುವುದಾದರೂ ಯಾಕೆ?

ಕೊನೆಗೆ ಒಂದು. ಹೀರೋನ ಒಂದು ಹೊಡೆತಕ್ಕೆ ಭಾರ ಬರುವುದು ಬೀಳುವವನಿಂದ. ಗೋಡೆಗೆ ಬಡಿದು, ಮೇಜು ಮುರಿದು, ಮೆಟ್ಟಿಲು ಉರುಳಿ ಬೀಳುವ ಆ ಫೈಟರುಗಳು ಸರಿಯಾಗಿ ಬೀಳದಿದ್ದರೆ ಯಾವ ಸ್ಟಾರೂ ಸ್ಟಾರ್ ಅಲ್ಲ. ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ಸಾಹಸಕ್ಕೆ ಈಗಾಗಲೇ ಒಂದು ವಿಭಾಗ ಇದೆ, 'ಕೆಜಿಎಫ್' ಮೊದಲ ಭಾಗಕ್ಕೂ ಬಂದಿದೆ. ಆಸ್ಕರಿನವರು ಮನಸ್ಸು ಮಾಡಿದ್ದು 2025ರಲ್ಲಿ, ಅದೂ 2027ರಲ್ಲಿ ಬಿಡುಗಡೆಯಾಗುವ ಸಿನಿಮಾಗಳಿಂದ ಶುರು. ಪ್ರಶಸ್ತಿ ಬಂದರೂ ಹೆಸರಾಗುವುದು ಫೈಟ್ ಮಾಸ್ಟರುಗಳದ್ದು, ಬಿದ್ದವರದ್ದಲ್ಲ. ಬೇರೆ ಬೇರೆ ಹೀರೋಗಳ ಕೈಯಲ್ಲಿ ಒದೆ ತಿನ್ನುವ, ಬೋಳುತಲೆಯ, ಎಡಗಿವಿಗೆ ಓಲೆ ಹಾಕಿದ ಒಬ್ಬ ಫೈಟರನ್ನು ನಾನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ಬೀಳುವ ಮೊದಲು ಒಂದು ಹೆಜ್ಜೆ ಹಿಂದೆ ಇಡುತ್ತಾನೆ, ತಡೆದುಕೊಳ್ಳಲು ನೋಡಿದ ಹಾಗೆ, ಆಮೇಲೆ ಬೀಳುತ್ತಾನೆ. ಹೆಸರು ಗೊತ್ತಿದ್ದವರು ಹೇಳಿ.