ಮಕ್ಕಳ ಕೈಗೆ ಪೇಪರ್ ಕೊಟ್ಟು ಪಕ್ಷಪಾತ ಹುಡುಕಿಸಬೇಕೇ?

ಒಂದೇ ಸುದ್ದಿಯನ್ನು ಬೇರೆ ಬೇರೆ ಪತ್ರಿಕೆಗಳು ಹೇಗೆ ಬರೆದಿವೆ, ಯಾರು ಯಾವ ಕಡೆ ವಾಲಿದ್ದಾರೆ ಅಂತ ಹೈಸ್ಕೂಲ್ ಮಕ್ಕಳಿಂದ ಗುಂಪಿನಲ್ಲಿ ಪ್ರೆಸೆಂಟೇಷನ್ ಮಾಡಿಸುವುದು ಸರಿಯೇ? ಮಂಡ್ಯ ಜಿಲ್ಲೆಯ ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ ಸರಿ ಅನ್ನುತ್ತಾರೆ. ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ಇಪ್ಪತ್ತು ವರ್ಷ ಕೂತು ನಿವೃತ್ತರಾದವರೊಬ್ಬರು ಬೇಡ ಅನ್ನುತ್ತಾರೆ.

ಪರ: 14.75 ಅನ್ನುವ ಒಂದೇ ಅಂಕಿ

ಮಳೆಗಾಲ ಬಂತೆಂದರೆ ನಮ್ಮ ಮಕ್ಕಳಿಗೆ ಕ್ರಿಕೆಟ್ ಸ್ಕೋರಿಗಿಂತ ಮೊದಲು ಕೆಆರ್‌ಎಸ್ ಲೆವೆಲ್ ಗೊತ್ತಿರುತ್ತದೆ. ಗರಿಷ್ಠ ಮಟ್ಟ 124.80 ಅಡಿ ಅಂತ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ತಮಿಳುನಾಡಿನ ಮೆಟ್ಟೂರು ಅಣೆಕಟ್ಟೆಯದು ಎಷ್ಟು ಅಂತ ಕೇಳಿದೆ. ಇಡೀ ಒಂಬತ್ತನೇ ಕ್ಲಾಸಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾಚಿಕೆ ಬಿಟ್ಟು ಹೇಳಬೇಕೆಂದರೆ, 120 ಅಡಿ ಅಂತ ನನಗೂ ಗೊತ್ತಾದದ್ದು ಪ್ರಾಜೆಕ್ಟ್‌ಗೆ ತಯಾರಿ ಮಾಡುವಾಗಲೇ. ಒಂದೇ ಹೊಳೆ, ಎರಡು ಡ್ಯಾಂ. ನಮ್ಮ ತಲೆಯಲ್ಲಿ ಮಾತ್ರ ಒಂದೇ ಡ್ಯಾಂ ಇದೆ.

ಆರಾರು ಮಕ್ಕಳ ಗುಂಪು ಮಾಡಿದೆ. ಒಂದು ಗುಂಪಿಗೆ ಸಿಕ್ಕ ವಿಷಯ 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕೊಟ್ಟ ಕಾವೇರಿ ತೀರ್ಪು. 2007ರಲ್ಲಿ ನ್ಯಾಯಮಂಡಳಿ ನಮಗೆ 270 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಂಚಿತ್ತು. ಕೋರ್ಟ್ ಅದನ್ನು 284.75ಕ್ಕೆ ಏರಿಸಿತು. ಗಡಿಯ ಬಿಳಿಗುಂಡ್ಲುವಿನಲ್ಲಿ ನಾವು ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ವ್ಯತ್ಯಾಸ ಎರಡೂ ಕಡೆ ಅದೇ 14.75. ನಮ್ಮ ಕಡೆಯ ಸುದ್ದಿಯಲ್ಲಿ ಅದು ಸಿಕ್ಕಿದ ನೀರು, ಆ ಕಡೆಯ ಸುದ್ದಿಯಲ್ಲಿ ಕಳೆದ ನೀರು. ಒಬ್ಬ ಹುಡುಗಿಯ ಅಜ್ಜಿ ಕೊಳ್ಳೇಗಾಲದ ಕಡೆಯವರು, ತಮಿಳು ಓದಲು ಬರುತ್ತದೆ. ಫೋನಿನಲ್ಲಿ ತಮಿಳು ಸುದ್ದಿ ತೆಗೆದುಕೊಟ್ಟರೆ ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿ ಹೇಳಿದರಂತೆ. ಕೊನೆಗೆ, ‘ಇವರೂ ಅಳ್ತಾವ್ರೆ ಕಣವ್ವ’ ಅಂದರಂತೆ. ನಾನು ಹದಿನೈದು ವರ್ಷ ಪಾಠ ಮಾಡಿ ಹೇಳಲಾಗದ್ದನ್ನು ಆಯಮ್ಮ ಮೂರೇ ಪದದಲ್ಲಿ ಹೇಳಿಬಿಟ್ಟರು.

ಇದರಲ್ಲಿ ಯಾರೂ ಸುಳ್ಳು ಬರೆದಿಲ್ಲ, ಅಲ್ವಾ? ಮಕ್ಕಳಿಗೆ ಗೊತ್ತಾಗಬೇಕಾದದ್ದೇ ಅದು. ಪಕ್ಷಪಾತ ಅಂದರೆ ಸುಳ್ಳು ಅಂತ ಅವರು ಅಂದುಕೊಂಡಿರುತ್ತಾರೆ. ನಿಜವನ್ನೇ ಒಂದು ಕಡೆಯಿಂದ ಹಿಡಿದು ತೋರಿಸಬಹುದು ಅನ್ನುವುದು ಅವರಿಗೆ ಹೊಸದು.

ಇನ್ನೊಂದು ಗುಂಪು 2023ರ ಸೆಪ್ಟೆಂಬರ್ ತೆಗೆದುಕೊಂಡಿತು. ದಿನಕ್ಕೆ 5000 ಕ್ಯುಸೆಕ್‌ನಂತೆ 15 ದಿನ ನೀರು ಬಿಡಿ ಅಂತ ಆದೇಶ ಬಂದು, ಮಂಡ್ಯದಲ್ಲಿ ರಸ್ತೆ ತಡೆ, 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ಆದ ಕಾಲ. ಗಣಿತದಲ್ಲಿ ಹುಷಾರಾಗಿರುವ ಒಬ್ಬ ಹುಡುಗ ಬೋರ್ಡಿನ ಮೇಲೆ ಲೆಕ್ಕ ಹಾಕಿದ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. 5000ದಿಂದ ಗುಣಿಸು, 15ರಿಂದ ಗುಣಿಸು. ಸುಮಾರು ಆರೂವರೆ ಟಿಎಂಸಿ ಬಂತು. ಕೆಆರ್‌ಎಸ್ ತುಂಬಿದರೆ ಹಿಡಿಯುವುದು 49 ಟಿಎಂಸಿ ಚಿಲ್ಲರೆ. ‘ಮೇಡಂ, ಐದು ಸಾವಿರ ಅಂದ್ರೆ ಜಾಸ್ತಿ ಅನ್ಸುತ್ತೆ, ಆರೂವರೆ ಅಂದ್ರೆ ಕಮ್ಮಿ ಅನ್ಸುತ್ತೆ!’ ಅಂತ ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಬರಗಾಲದ ವರ್ಷ ಆರೂವರೆಯೂ ಜಾಸ್ತಿಯೇ, ಡ್ಯಾಂ ತುಂಬಿರಲಿಲ್ಲವಲ್ಲ ಅಂತ ಇನ್ನೊಬ್ಬಳು ತಿರುಗಿಸಿ ಕೊಟ್ಟಳು. ಅವತ್ತು ಬೆಲ್ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಒಬ್ಬ ತಂದೆ ಶಾಲೆಗೆ ಬಂದು ಜಗಳ ತೆಗೆದರು. ‘ನಮ್ಮ ನೀರಿನ ವಿಷಯದಲ್ಲೂ ಆ ಕಡೆಯವರ ಮಾತು ಕೇಳಿಸ್ತೀರಾ?’ ಅಂದರು. ಅವರ ಗದ್ದೆ ಒಣಗಿದ್ದು ನನಗೆ ಗೊತ್ತು. ಆದರೆ 2016ರ ಸೆಪ್ಟೆಂಬರ್ 12 ಕೂಡ ನೆನಪಿದೆ. ಅವತ್ತು ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನ ಒಂದು ಡಿಪೋದಲ್ಲಿ ಹತ್ತಾರು ಬಸ್ಸು ಸುಟ್ಟುಹೋದವು. ನಾನು ಟಿವಿ ಮುಂದೆ ಕೂತಿದ್ದೆ. ಒಂದೇ ಹೊಡೆದಾಟದ ತುಣುಕನ್ನು ಸಂಜೆವರೆಗೆ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದು ಹೊಸ ಹೊಡೆದಾಟ ಅನ್ನಿಸಿತ್ತು. ನನ್ನಂಥ ಓದಿದವಳಿಗೇ ಹಾಗಾದರೆ, ಹದಿನಾಲ್ಕರ ಹುಡುಗ ಬೀದಿಗೆ ಇಳಿಯದೆ ಇರುತ್ತಾನೆಯೇ?

ಗುಂಪಿನಲ್ಲಿ ಕೆಲಸ ಮಾಡುವವರು ಇಬ್ಬರು, ಉಳಿದವರು ಚಾರ್ಟ್‌ಗೆ ಬಾರ್ಡರ್ ಹಾಕುತ್ತಾರೆ ಅನ್ನುವುದು ನಿಜ. ಇರಲಿ. ಬಾರ್ಡರ್ ಹಾಕುತ್ತಾ ಕೂತವನ ಕಿವಿಗೂ ಮಾತು ಬೀಳುತ್ತದೆ.

ವಿರೋಧ: ಕೊನೇ ಸ್ಲೈಡಿನ ತೀರ್ಪು

ಮೇಡಂ ಹಾಕಿಸಿದ ಲೆಕ್ಕ ಚೆನ್ನಾಗಿದೆ. ಅಂಥ ಟೀಚರ್ ಎಲ್ಲ ಶಾಲೆಯಲ್ಲೂ ಇದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ನಾನು ನೋಡಿದ ಪ್ರೆಸೆಂಟೇಷನ್ ಬೇರೆ ಥರದ್ದು. ಪರಿಚಯದವರು ಕರೆದರು ಅಂತ ಒಂದು ಶಾಲೆಗೆ ಹೋಗಿದ್ದೆ. ಮಕ್ಕಳು ಮೂರು ಪೇಪರಿನ ಮುಖಪುಟ ಅಂಟಿಸಿದ್ದರು. ಒಂದರಲ್ಲಿ ರೈತರ ಧರಣಿಯ ಸುದ್ದಿ ಕೆಳಗೆ ಸಿಂಗಲ್ ಕಾಲಂನಲ್ಲಿತ್ತು. ಅದರ ಸುತ್ತ ಕೆಂಪು ಸ್ಕೆಚ್ ಪೆನ್ನಿನ ವೃತ್ತ. ಕೊನೇ ಸ್ಲೈಡಿನಲ್ಲಿ ‘ಈ ಪತ್ರಿಕೆ ರೈತ ವಿರೋಧಿ’ ಅಂತ ದಪ್ಪ ಅಕ್ಷರ. ಚಪ್ಪಾಳೆಯೂ ಬಿತ್ತು.

ಅದೇ ಪುಟದ ಅರ್ಧಕ್ಕೆ ಒಡವೆ ಅಂಗಡಿಯ ಜಾಹೀರಾತು ಇತ್ತು. ಅದನ್ನು ಒಬ್ಬರೂ ನೋಡಲಿಲ್ಲ! ಡೆಸ್ಕ್‌ನಲ್ಲಿ ಕೂತವರಿಗೆ ಗೊತ್ತು. ಸಂಜೆ ಜಾಹೀರಾತು ವಿಭಾಗದಿಂದ ಡಮ್ಮಿ, ಅಂದರೆ ಪುಟದ ನಕ್ಷೆ, ಬರುತ್ತದೆ. ಅವರು ಜಾಗ ತಗೊಂಡು ಉಳಿದದ್ದರಲ್ಲಿ ನಮ್ಮ ಸುದ್ದಿ ಕೂರಬೇಕು. ಏಳು ಗಂಟೆಗೆ ಮೂರು ಕಾಲಂ ಲೀಡ್ ಆಗಿದ್ದದ್ದು ಎಂಟಕ್ಕೆ ಸಿಂಗಲ್ ಆಗುತ್ತದೆ. ದೂರದ ಊರಿಗೆ ಹೋಗುವ ಆವೃತ್ತಿ ಬೇಗ ಮುಗಿಯುತ್ತದೆ. ದಿಲ್ಲಿಯಲ್ಲಿ ರಾತ್ರಿ ಆದದ್ದು ಅದರಲ್ಲಿ ಇರುವುದೇ ಇಲ್ಲ. ‘ನಮ್ಮೂರಿನವರಿಗೆ ಬೇಕಂತಲೇ ಮುಚ್ಚಿಟ್ರಿ’ ಅಂತ ಓದುಗರು ಬೆಳಿಗ್ಗೆ ಫೋನ್ ಮಾಡಿ ಬೈದದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಮುಚ್ಚಿಟ್ಟಿರಲಿಲ್ಲ ಮಾರಾಯ್ರೆ, ಲಾರಿ ಹೊರಟುಹೋಗಿತ್ತು.

ಹಾಗಂತ ಪತ್ರಿಕೆಯವರೆಲ್ಲ ಸಾಚಾ ಅಂತಲ್ಲ. ದುಡ್ಡು ತಗೊಂಡು ಚುನಾವಣೆ ಸುದ್ದಿ ಹಾಕುವ ದಂಧೆಯ ಬಗ್ಗೆ ಪ್ರೆಸ್ ಕೌನ್ಸಿಲ್ಲೇ 2010ರಲ್ಲಿ ಉಪಸಮಿತಿಯಿಂದ ವರದಿ ಬರೆಸಿತ್ತು. ಆದರೆ ಅದನ್ನು ಹಿಡಿಯಲು ಲೆಕ್ಕಪತ್ರ ನೋಡಬೇಕು, ಅಭ್ಯರ್ಥಿಗಳನ್ನು ಮಾತಾಡಿಸಬೇಕು. ಕತ್ತರಿ, ಗೋಂದು ಸಾಲದು. ಪುಟ ನೋಡಿ ಉದ್ದೇಶ ಹೇಳುವುದು ಕೈರೇಖೆ ನೋಡಿ ಭವಿಷ್ಯ ಹೇಳಿದ ಹಾಗೆ. ಪ್ರೆಸೆಂಟೇಷನ್‌ಗೆ ಅಂಕ ಇರುವುದರಿಂದ ಮಕ್ಕಳು ಏನಾದರೂ ಹೇಳಲೇಬೇಕು. ‘ನಮಗೆ ಗೊತ್ತಾಗಲಿಲ್ಲ’ ಅಂತ ಕೊನೇ ಸ್ಲೈಡ್ ಹಾಕಿದ ಗುಂಪಿಗೆ ಯಾವ ಟೀಚರ್ ಹತ್ತಕ್ಕೆ ಹತ್ತು ಕೊಡುತ್ತಾರೆ?

ಇನ್ನೊಂದು ಮಾತು. ಆ ದಿನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅಪ್ಪ ಅದೇ ಪತ್ರಿಕೆಯ ಏಜೆಂಟ್. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಸ್ ಸ್ಟ್ಯಾಂಡಿನಲ್ಲಿ ಬಂಡಲ್ ಬಿಚ್ಚಿ ಪುರವಣಿ ಸೇರಿಸುವವರು. ಪ್ರೆಸೆಂಟೇಷನ್ ಮುಗಿದ ಮೇಲೆ ಇಬ್ಬರು ಹುಡುಗರು ಅವಳನ್ನು ‘ರೈತ ವಿರೋಧಿ’ ಅಂತ ಕರೆದು ನಕ್ಕರು. ಟೀಚರ್ ಗದರಿಸಿದರು, ನಿಜ. ಅಷ್ಟರಲ್ಲಿ ಅವಳು ಬ್ಯಾಗ್ ಎತ್ತಿಕೊಂಡು ಹೊರಗೆ ಹೋಗಿಯಾಗಿತ್ತು.

ಮಕ್ಕಳ ನಿಜವಾದ ಅಪಾಯ ಪೇಪರಿನಲ್ಲಿ ಇದೆ ಅಂತಲೂ ನನಗೆ ಅನ್ನಿಸುವುದಿಲ್ಲ. ಎಷ್ಟು ಮನೆಗೆ ಈಗ ಪೇಪರ್ ಬರುತ್ತದೆ? 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅಂತ ಅಮಾಯಕರನ್ನು ಹೊಡೆದು ಕೊಂದರು. ಅದಕ್ಕೆ ಕಾರಣ ಯಾವ ಸಂಪಾದಕೀಯವೂ ಅಲ್ಲ, ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ವಿಡಿಯೊ ಮತ್ತು ವದಂತಿ. ಅದೇ ವರ್ಷ ಪಕ್ಕದ ಕೇರಳದ ಕಣ್ಣೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಶುರುಮಾಡಿದ್ದರು. ಫಾರ್ವರ್ಡ್ ಮಾಡುವ ಮೊದಲು ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸ. ಅದು ಬೇಕು. ಯಾರ ಹೆಸರೂ ಇಲ್ಲದ ವಿಡಿಯೊವನ್ನು ನಂಬಿ, ಹೆಸರು, ವಿಳಾಸ, ಸಂಪಾದಕ ಎಲ್ಲ ಇರುವ ಪೇಪರನ್ನು ಮಾತ್ರ ‘ಎಲ್ಲ ಕಳ್ಳರೇ ಬಿಡಿ’ ಅನ್ನುವ ಹುಡುಗರನ್ನು ನಾನು ದಿನಾ ನೋಡುತ್ತೇನೆ. ಅವರಿಗೆ ಇನ್ನಷ್ಟು ಅನುಮಾನ ಕಲಿಸಬೇಕೇ?

ಸುಮ್ನೆ ಬೇಡ ಅಂದರೆ ಆಗಲ್ಲ, ಬದಲಿಗೆ ಏನು ಅಂತ ಆ ಶಾಲೆಯವರು ಕೇಳಿದರು. ಬೇರೆಯವರ ಸುದ್ದಿ ಅಳೆಯುವ ಮೊದಲು ಮಕ್ಕಳೇ ಒಂದು ಸುದ್ದಿ ಬರೆಯಲಿ ಅಂದೆ. ಮುಂದಿನ ವಾರ ಆರು ಮಕ್ಕಳನ್ನು ಊರಿನ ಸಂತೆಗೆ ಕರೆದುಕೊಂಡು ಹೋದೆವು. ಒಂದು ಗಂಟೆ ಸುತ್ತಾಟ, ಆಮೇಲೆ ನೂರು ಪದ, ಒಂದು ತಲೆಬರಹ. ಪಕ್ಕದವರದ್ದು ನೋಡುವಂತಿಲ್ಲ.

ಟೊಮೆಟೊ ಅವತ್ತು ಕೆಜಿಗೆ 40 ರೂಪಾಯಿ. ಮನೆಯಲ್ಲಿ ಟೊಮೆಟೊ ಬೆಳೆಯುವ ಹುಡುಗ ‘ಚೇತರಿಸಿಕೊಂಡ ಟೊಮೆಟೊ ಬೆಲೆ’ ಅಂತ ಬರೆದಿದ್ದ. ತಾಯಿ ಮೆಸ್ ನಡೆಸುವ ಹುಡುಗಿ ‘ಕೈ ಸುಡುವ ಟೊಮೆಟೊ’ ಅಂತ ಬರೆದಿದ್ದಳು. ಒಬ್ಬರದ್ದನ್ನು ಒಬ್ಬರು ಓದಿಕೊಂಡು ಮುಖ ಮುಖ ನೋಡಿದರು. ಮೂರನೆಯವನು ಟೊಮೆಟೊ ಸುದ್ದಿಗೇ ಹೋಗಿರಲಿಲ್ಲ. ಸಂತೆಯ ಮೂಲೆಯಲ್ಲಿ ಕೂತಿದ್ದ ಗಿಣಿ ಶಾಸ್ತ್ರದವನ ಬಗ್ಗೆ ನೂರರ ಬದಲು ಮುನ್ನೂರು ಪದ ಬರೆದು, ಗಿಣಿಯ ಚಿತ್ರವನ್ನೂ ಬಿಡಿಸಿದ್ದ.