ಕಾರ್ಸಿವಾ ಮೇಲೆ ಯಾಕಿಷ್ಟು ಸಿಟ್ಟು?

ಡಿಸೈನ್ ಕಲಿತವರ ಮುಂದೆ ಮೊನೊಟೈಪ್ ಕಾರ್ಸಿವಾ ಅನ್ನೋ ವಾಲಿದ ಇಂಗ್ಲಿಷ್ ಫಾಂಟಿನ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ. ಶಾಲೆ ಸರ್ಟಿಫಿಕೇಟು, ಮದುವೆ ಕಾರ್ಡಿನ ಇಂಗ್ಲಿಷ್ ಪುಟ, ಬ್ಯೂಟಿ ಪಾರ್ಲರ್ ಬೋರ್ಡು, ಎಲ್ಲ ಕಡೆ ಅದೇ ಅಂತ ಅವರಿಗೆ ಬೇಜಾರು. ನನಗೆ ಮಾತ್ರ ಆ ಫಾಂಟ್ ಇಷ್ಟ. ಅದನ್ನು ಬಳಸೋ ರೀತಿ ನೋಡಿದರೆ ಮೈ ಉರಿಯುತ್ತದೆ, ಅದು ಬೇರೆ ಮಾತು.

ಇದರ ಬೇರು 16ನೇ ಶತಮಾನದ ರೋಮ್‌ನಲ್ಲಿದೆ. ಲುಡೊವಿಕೊ ಅರಿಗಿ ಅಂತ ಒಬ್ಬ ಇದ್ದ, ಪೋಪರ ಕಚೇರಿಯ ಪತ್ರ ಬರೆಯುತ್ತಿದ್ದವನು. ಅಲ್ಲಿ ಬೇಗ ಬರೆಯಬೇಕು, ಓದಲೂ ಬರಬೇಕು. ಹಾಗಾಗಿ ಅಕ್ಷರ ಬಲಕ್ಕೆ ವಾಲಿತು, ಒತ್ತೊತ್ತಾಗಿ ನಿಂತಿತು. ಆ ಧಾಟಿ ಹಿಡಿದು ಮೊನೊಟೈಪ್ ಫಾಂಟ್ ಕಂಪನಿಗಾಗಿ ಪೆಟ್ರೀಷಿಯಾ ಸಾಂಡರ್ಸ್ 1990ರ ದಶಕದ ಶುರುವಿನಲ್ಲಿ ಕಾರ್ಸಿವಾ ಮಾಡಿದರು. ಅದಕ್ಕೊಂದು ವ್ಯವಹಾರದ ಕಾರಣವೂ ಇತ್ತು. ಜರ್ಮನಿಯ ಅಕ್ಷರ ವಿನ್ಯಾಸಕಾರ ಹರ್ಮನ್ ಜಾಫ್ ಮಾಡಿದ ಜಾಫ್ ಚಾನ್ಸರಿ ಫಾಂಟ್ (1979) ಆಗಿನ ಅನೇಕ ಪೋಸ್ಟ್‌ಸ್ಕ್ರಿಪ್ಟ್ (ಅಡೋಬಿ ಕಂಪನಿಯ ಮುದ್ರಣ ಭಾಷೆ) ಪ್ರಿಂಟರುಗಳಲ್ಲಿ ಮೊದಲೇ ಇರುತ್ತಿದ್ದ 35 ಫಾಂಟುಗಳಲ್ಲಿ ಒಂದು. ಅದಿಲ್ಲದ ಕಡೆ ಕಾರ್ಸಿವಾ ಹಾಕಿದರೂ ಸಾಲು ಹೆಚ್ಚುಕಮ್ಮಿ ಆಗಬಾರದು ಅಂತ ಅಕ್ಷರಗಳ ಅಗಲವನ್ನು ಜಾಫ್ ಚಾನ್ಸರಿಗೆ ಸರಿಹೊಂದಿಸಿದರು. ಆಮೇಲೆ ಮೈಕ್ರೋಸಾಫ್ಟ್ ಆಫೀಸ್ ಜೊತೆ ಬಂತು, ಡಿಟಿಪಿ ಅಂಗಡಿಗಳಲ್ಲಿ ಬೇರು ಬಿಟ್ಟಿತು.

ಇದರ ಚೆಂದ ಇರುವುದು ಸ್ಮಾಲ್ ಲೆಟರ್‌ಗಳಲ್ಲಿ. ಕ್ಯಾಪಿಟಲ್‌ಗೆ ಬಾಲ, ಬಳುಕು ಕೊಟ್ಟಿರುವುದು ಪದದ ಮುಂದೆ ಒಂದೇ ಒಂದು ನಿಲ್ಲಲಿ ಅಂತ. ನಾವು 'ಸರ್ಟಿಫಿಕೇಟ್ ಆಫ್ ಮೆರಿಟ್' ಪೂರ್ತಿ ಕ್ಯಾಪಿಟಲ್‌ನಲ್ಲಿ ಹೊಡೀತೀವಿ. ಸಿಟಿ ಬಸ್ಸಿನ ಒಂದೇ ಸೀಟಲ್ಲಿ ಎಲ್ಲರೂ ಮೊಣಕೈ ಚಾಚಿ ಕೂತ ಹಾಗಿರುತ್ತದೆ. ಸಾಲದ್ದಕ್ಕೆ ಬೋಲ್ಡ್ ಬೇರೆ. ಆಫೀಸ್ ಜೊತೆ ಬಂದ ಈ ಫಾಂಟಿಗೆ ಬೋಲ್ಡ್ ಅನ್ನೋದೇ ಇಲ್ಲ ಮಾರಾಯ್ರೇ! ನೀವು ಬಟನ್ ಒತ್ತಿದರೆ ವರ್ಡ್ ಸುಮ್ನೆ ಎಲ್ಲ ಗೆರೆಗೂ ದಪ್ಪ ಬಳಿಯುತ್ತದೆ. ಅಗಲ ಮೊನೆಯ ಪೆನ್ನು ತಿರುಗಿದಾಗ ಬರುವ ತೆಳು ಗೆರೆ ಅಲ್ಲಿಗೆ ಮುಗೀತು.

ಹಾಗಾದರೆ ಎಲ್ಲಿ ಹಾಕಬೇಕು? ಸರ್ಟಿಫಿಕೇಟಿನಲ್ಲಿ ಚುಕ್ಕಿ ಗೆರೆ ಇರುತ್ತದಲ್ಲ, ಮೊದಲೆಲ್ಲ ಮೇಷ್ಟ್ರು ಇಂಕ್ ಪೆನ್ನಿನಲ್ಲಿ ಮಗುವಿನ ಹೆಸರು ಬರೆಯುತ್ತಿದ್ದ ಜಾಗ, ಅಲ್ಲಿ. ಅಲ್ಲಿ ಮಾತ್ರ. ಉಳಿದದ್ದು ಯಾವುದಾದರೂ ನೆಟ್ಟಗಿನ ಫಾಂಟಿನಲ್ಲಿ ಇರಲಿ. ನಮ್ಮ ಕಡೆ ಇನಿಷಿಯಲ್ ಜಾಸ್ತಿ, ಅಪ್ಪನ ಹೆಸರು, ಊರಿನ ಹೆಸರು ಅಂತ ಎರಡು ಮೂರು ಕ್ಯಾಪಿಟಲ್ ಸಾಲಾಗಿ ಬರುತ್ತವೆ. ಅವುಗಳ ನಡುವೆ ಒಂದೊಂದು ಸ್ಪೇಸ್ ಕೊಡಿ, ಇಲ್ಲದಿದ್ದರೆ ಇಕ್ಕಟ್ಟು. ಕಾರ್ಡಿನಲ್ಲಾದರೆ ವಧೂವರರ ಹೆಸರಿಗೆ ಸಾಕು. ಕಲ್ಯಾಣಮಂಟಪದ ವಿಳಾಸವನ್ನೂ ಇದರಲ್ಲೇ ಹಾಕಿದರೆ ಅಜ್ಜಿ ತಾತ ಕಾರ್ಡನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಬೇಕಾಗುತ್ತದೆ.

ಇನ್ನೊಂದು ಹೇಳಲೇಬೇಕು. ಇಂಗ್ಲಿಷ್ ವಾಲಿದೆ ಅಂತ ಪಕ್ಕದ ಕನ್ನಡವನ್ನೂ ಇಟಾಲಿಕ್ ಬಟನ್ ಒತ್ತಿ ವಾಲಿಸುತ್ತಾರೆ. ದುಂಡಗಿನ ಅಕ್ಷರ ಎಳೆದು ಮೊಟ್ಟೆಯಾಗುತ್ತದೆ, ಒತ್ತಕ್ಷರ ಎಡಕ್ಕೆ ಜಾರುತ್ತದೆ. ದಯವಿಟ್ಟು ಕನ್ನಡವನ್ನು ನೆಟ್ಟಗೆ ನಿಲ್ಲಲು ಬಿಡಿ.