ಡಿ ಪುಡಿ ಕುಡಿದು ಸ್ಟ್ಯಾಟಿನ್ ಬಿಡುವವರಿಗೆ

ಫುಲ್ ಬಾಡಿ ಚೆಕಪ್ ಪ್ಯಾಕೇಜುಗಳು ಬಂದ ಮೇಲೆ ವಿಟಮಿನ್ ಡಿ ಕಮ್ಮಿ ಇಲ್ಲದ ಮನೆಯೇ ಇಲ್ಲವೇನೋ. ರಿಪೋರ್ಟಿನಲ್ಲಿ ಡಿ 14 ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಎರಡು ಸಾಲು ಕೆಳಗೆ ಸಿಆರ್‌ಪಿ, ಅಂದರೆ ದೇಹದಲ್ಲಿ ಉರಿಯೂತ ಇದೆ ಅಂತ ತೋರಿಸುವ ಪ್ರೋಟೀನ್, ಜಾಸ್ತಿ. ಸ್ಟೆಂಟ್ ಹಾಕಿಸಿಕೊಂಡವರ ಕೈಗೆ ಇದು ಸಿಕ್ಕರೆ ಮುಗಿಯಿತು, "ಡಿ ಕಮ್ಮಿ ಆಗಿದ್ದಕ್ಕೇ ಬ್ಲಾಕ್ ಆಗಿದ್ದಂತೆ" ಅನ್ನುವ ಮಾತು ಸಂಜೆಯೊಳಗೆ ಫ್ಯಾಮಿಲಿ ಗ್ರೂಪಿನಲ್ಲಿ ಓಡಾಡುತ್ತಿರುತ್ತದೆ.

ಈ ಮಾತು ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. ಬ್ಲಾಕ್ ಅಂದರೆ ಸುಮ್ನೆ ಕೊಬ್ಬು ಮೆತ್ತಿಕೊಳ್ಳುವುದಲ್ಲ. ಎಲ್‌ಡಿಎಲ್ ಕೊಲೆಸ್ಟ್ರಾಲ್ ರಕ್ತನಾಳದ ಗೋಡೆಯೊಳಗೆ ಸೇರುತ್ತದೆ. ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳು ನುಂಗಿ ನುಂಗಿ ಅಲ್ಲೇ ಊದಿಕೊಂಡು ಕೂರುತ್ತವೆ. ಅಲ್ಲಿಂದ ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಥರದ ರಾಸಾಯನಿಕಗಳು ಹೊರಡುತ್ತವೆ, ಅದಕ್ಕೆ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಇದೇ ರಕ್ತಕಣಗಳ ಮೇಲೆ ವಿಟಮಿನ್ ಡಿ ಕೂಡ ಕೆಲಸ ಮಾಡುತ್ತದೆ. ಲ್ಯಾಬಿನಲ್ಲಿ ಡಿ ಕೊಟ್ಟರೆ ಅವುಗಳ ಆರ್ಭಟ ತಗ್ಗುತ್ತದೆ.

ಆದರೆ ಯಾವುದರಿಂದ ಯಾವುದು? ಉರಿಯೂತವೇ ರಕ್ತದಲ್ಲಿನ ಡಿ ಪ್ರಮಾಣವನ್ನು ಇಳಿಸುತ್ತದೆ. ಮಂಡಿ ಬದಲಿಸುವ ಆಪರೇಷನ್ ಆದವರಲ್ಲಿ ಒಂದೆರಡು ದಿನಕ್ಕೇ ಡಿ ಇಳಿದಿದ್ದು ಕಂಡಿದೆ. ಎರಡು ದಿನದಲ್ಲಿ ಯಾರಿಗೂ ಬಿಸಿಲು ತಪ್ಪಿ ಹಾಗಾಗುವುದಿಲ್ಲ, ಅಲ್ವಾ? ಜೊತೆಗೆ ದಪ್ಪ ಇರುವವರಲ್ಲಿ, ಕಾಯಿಲೆಯಿಂದ ಮನೆಯೊಳಗೇ ಇರುವವರಲ್ಲಿ ಡಿ ಹೇಗೂ ಕಮ್ಮಿ.

ಅಮೆರಿಕದ ವೈಟಲ್ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. 25,871 ಜನ, ದಿನಕ್ಕೆ 2,000 ಯೂನಿಟ್ ಡಿ, ಸುಮಾರು 5 ವರ್ಷ. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಕಮ್ಮಿ ಆಗಲಿಲ್ಲ. ಅದರಲ್ಲೇ ಒಂದು ಸಣ್ಣ ಗುಂಪಿನ ರಕ್ತ ನೋಡಿದಾಗ 2 ವರ್ಷಕ್ಕೆ ಸಿಆರ್‌ಪಿ ಶೇ. 19ರಷ್ಟು ಇಳಿದಿತ್ತು, 4 ವರ್ಷದ ಹೊತ್ತಿಗೆ ಆ ವ್ಯತ್ಯಾಸ ಉಳಿದಿರಲಿಲ್ಲ. ಈ ಅಧ್ಯಯನದಲ್ಲಿದ್ದವರಿಗೆ ಮೊದಲೇ ಹೃದಯದ ಕಾಯಿಲೆ ಇರಲಿಲ್ಲ, ಹೆಚ್ಚಿನವರಿಗೆ ಡಿ ಕೊರತೆಯೂ ಇರಲಿಲ್ಲ ಅನ್ನುವ ತಕರಾರು ನ್ಯಾಯವಾದದ್ದೇ. ಹಾಗಂತ ಆ ತಕರಾರು ಡಿ ಪುಡಿಯನ್ನು ಹಾರ್ಟಿನ ಔಷಧಿ ಮಾಡುವುದಿಲ್ಲ.

ಉರಿಯೂತವನ್ನೇ ಗುರಿ ಇಟ್ಟು ಹೊಡೆದರೆ ಲಾಭ ಇದೆ ಅಂತ 2017ರ ಕ್ಯಾಂಟೋಸ್ ಅಧ್ಯಯನ ತೋರಿಸಿತು. ಆಗಲೇ ಹಾರ್ಟ್ ಅಟ್ಯಾಕ್ ಆಗಿದ್ದ 10,061 ಜನರ ಮೇಲೆ ನಡೆದ ಪ್ರಯೋಗ ಅದು. ಕೊಲೆಸ್ಟ್ರಾಲ್ ಇಳಿಸದೆಯೇ, ಕನಕಿನುಮಾಬ್ ಅನ್ನುವ ಉರಿಯೂತ ತಗ್ಗಿಸುವ ಔಷಧಿಯ 150 ಮಿಲಿಗ್ರಾಂ ಇಂಜೆಕ್ಷನ್ ಪಡೆದವರಲ್ಲಿ ಅಟ್ಯಾಕ್, ಸ್ಟ್ರೋಕ್‌ಗಳು ಶೇ. 15ರಷ್ಟು ತಗ್ಗಿದವು. ಆದರೆ ಜೀವ ತೆಗೆಯುವ ಸೋಂಕು ಸ್ವಲ್ಪ ಜಾಸ್ತಿ ಆಯಿತು.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಎಲ್‌ಡಿಎಲ್ ಜೊತೆಗೆ ಸಿಆರ್‌ಪಿಯನ್ನೂ ಇಳಿಸುವ ಮಾತ್ರೆ ಡಾಕ್ಟರ್ ಚೀಟಿಯಲ್ಲಿ ಆಗಲೇ ಇರುತ್ತದೆ, ಅದೇ ಸ್ಟ್ಯಾಟಿನ್. ಜನ "ಲಿವರ್ ಹಾಳಾಗುತ್ತೆ" ಅಂತ ಅದನ್ನು ಬಿಟ್ಟು, 60,000 ಯೂನಿಟ್ಟಿನ ಪುಡಿಯನ್ನು ಹಾಲಿಗೆ ಕಲಸಿಕೊಂಡು ಕುಡಿಯುತ್ತಾರೆ. ಕೊರತೆ ಇದ್ದರೆ ಮೂಳೆಗೋಸ್ಕರ ಕುಡಿಯಲಿ, ಬೇಡ ಅನ್ನುವುದಿಲ್ಲ. ಆದರೆ ಅದು ವಾರಕ್ಕೊಂದು, ಅದೂ ಡಾಕ್ಟರ್ ಹೇಳಿದಷ್ಟು ವಾರ ಮಾತ್ರ. ದಿನಾ ಕುಡಿದು ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಶುರುವಾಗಿ, ಕಿಡ್ನಿ ಕೆಡಿಸಿಕೊಂಡು ಅಡ್ಮಿಟ್ ಆದವರೂ ಇದ್ದಾರೆ.